ದತ್ತು ಕೇಳಿಕೊಂಡು ಬಂದ ನಾಣ್ಯ

ಗೋಳಿಬಜೆ ಕಟ್ಟಿ ಕೊಟ್ಟ ಕಾಗದವನ್ನು ಓದದೆ ಎಸೆಯುವುದು ಈ ಜನ್ಮದಲ್ಲಿ ನನ್ನಿಂದಾಗದ ಕೆಲಸ. ಅರ್ಧಕ್ಕೆ ತುಂಡಾದ ಕೊಲೆ ಮೊಕದ್ದಮೆಯ ವರದಿ, ಯಾರದೋ ಗಣಿತದ ಉತ್ತರಪತ್ರಿಕೆ, ಈಗಾಗಲೇ ಮಕ್ಕಳು ಮರಿ ಆಗಿರಬಹುದಾದ ಜೋಡಿಯ ಲಗ್ನಪತ್ರಿಕೆ, ಹೀಗೆ ಬಂದದ್ದನ್ನೆಲ್ಲ ಎಣ್ಣೆ ಕುಡಿದು ಪಾರದರ್ಶಕವಾದ ಮೇಲೂ ಎರಡೂ ಬದಿ ಓದಿ ಮುಗಿಸಿಯೇ ನಾನು ಕೈ ತೊಳೆಯುವವನು. ಕೇರಳದ ಗಡಿಯೊಳಗಿನ ನಮ್ಮ ಹೊಸಂಗಡಿ ಪೇಟೆಯ ಹೋಟೆಲೊಂದರ ಮಾಳಿಗೆಯಲ್ಲಿ ಮೂವತ್ತು ಚಿಲ್ಲರೆ ವರ್ಷಗಳಿಂದ ಜಾಗದ ದಸ್ತಾವೇಜು ಬರೆದು ಹೊಟ್ಟೆ ಹೊರೆಯುತ್ತಿರುವ ನನ್ನನ್ನು ಊರವರು ಕರೆಯುವುದು ರೈಟರ್ ಎಂದು. ಬರೆಯುವವನಿಗೆ ಓದುವ ಚಟ ಅಂಟಿಕೊಂಡರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲವಲ್ಲ. ಒಂದು ಸಂಜೆ ಹಾಗೆ ಕೆಳಗಿನ ಹೋಟೆಲಿನಿಂದ ತಂದ ಬಜೆಯ ಅಡಿಯಲ್ಲಿ ನುಣುಪಾದ, ಬಣ್ಣ ಬಣ್ಣದ ಕರಪತ್ರವೊಂದು ಸಿಕ್ಕಿತು. "ಕ್ರಿಪ್ಟೋ ಕರೆನ್ಸಿಯ ಮುಖ್ಯವಾಹಿನಿ ದತ್ತು ಸ್ವೀಕಾರಕ್ಕೆ ಏನು ಬೇಕು? ಉಚಿತ ವಿಚಾರ ಸಂಕಿರಣ. ಎಲ್ಲರಿಗೂ ಸ್ವಾಗತ. ಚಹಾದ ವ್ಯವಸ್ಥೆ ಇದೆ."

ದತ್ತು ಸ್ವೀಕಾರ! ಬಾಯಲ್ಲಿ ಬಜೆ ಇದ್ದಂತೆಯೇ ನಕ್ಕು ನೆತ್ತಿಗೆ ಹತ್ತಿಸಿಕೊಂಡೆ. ಇಂಗ್ಲಿಷಿನಲ್ಲಿ ಅಡಾಪ್ಷನ್ ಎಂದರೆ ಮಗುವನ್ನು ದತ್ತು ತೆಗೆದುಕೊಳ್ಳುವುದೂ ಹೌದು, ಹೊಸದೊಂದನ್ನು ಜನ ರೂಢಿಗೆ ತಂದುಕೊಳ್ಳುವುದೂ ಹೌದು. ಯಾವುದೋ ಯಂತ್ರ ಕಣ್ಣು ಮುಚ್ಚಿ ಮೊದಲನೆಯ ಅರ್ಥಕ್ಕೆ ಕೈ ಹಾಕಿತ್ತು. ಆದರೆ ನೀವೇ ನೋಡಿ, ಕೆಲವೊಮ್ಮೆ ತಪ್ಪು ಅನುವಾದವೇ ಮೂಲಕ್ಕಿಂತ ಹೆಚ್ಚು ನಿಜ ಹೇಳಿಬಿಡುತ್ತದೆ. ನಾನು ನನ್ನ ಕೈಯಾರೆ ದತ್ತಕಪತ್ರಗಳನ್ನು ಬರೆದವನು. ಅದಕ್ಕೆ ಮೊದಲು ಬೇಕಾದದ್ದು ಮಗುವಿನ ಹೆತ್ತವರ ಹೆಸರು. ಈ ನಾಣ್ಯವನ್ನು ಹೆತ್ತವನೋ, ಸುಳ್ಳು ಹೆಸರೊಂದನ್ನು ಬರೆದಿಟ್ಟು ಮಗುವನ್ನು ಲೋಕದ ಜಗಲಿಯಲ್ಲಿ ಮಲಗಿಸಿ ಓಡಿಹೋದವನು. ಎರಡನೆಯದು ಪ್ರಾಯ. ಇದು ಬೆಳಿಗ್ಗೆ ಮೀಸೆ ಬಂದ ಗಂಡಸಿನಂತೆ ಕಂಡರೆ ಮಧ್ಯಾಹ್ನದ ಹೊತ್ತಿಗೆ ತೊಟ್ಟಿಲಿಗೆ ಬಿದ್ದಿರುತ್ತದೆ. ಇನ್ನು ದತ್ತು ಬಂದ ಮಗು ಮನೆಯಲ್ಲಿದ್ದ ಗಂಜಿ ಚಟ್ನಿ ಉಂಡು ಮನೆಯವರ ಮಾತು ಕಲಿಯಬೇಕು. ಇದು ಉಣ್ಣುವುದು ಊರುಗಟ್ಟಲೆ ಕರೆಂಟು, ಆಡುವುದು ಮನೆಯಲ್ಲಿ ಯಾರಿಗೂ ತಿಳಿಯದ ಭಾಷೆ. ಇಂಥದ್ದನ್ನು ಮಡಿಲಿಗೆ ಹಾಕಿಕೊಳ್ಳಿ ಎಂದು ಕರಪತ್ರ ಕೈಮುಗಿದು ಕೇಳುತ್ತಿತ್ತು.

ಸಂಕಿರಣಕ್ಕೆ ಹೋದೆ. ಚಹಾದ ಆಸೆಗೆ ಅಲ್ಲ ಎಂದರೆ ನೀವು ನಂಬುವುದಿಲ್ಲ, ಆದ್ದರಿಂದ ಹೇಳುವುದೂ ಇಲ್ಲ. ನಮ್ಮ ಕಡಲ ಬದಿಯ ಸೆಕೆಯಲ್ಲಿ ಮೂರು ಗುಂಡಿಯ ಕೋಟು ತೊಟ್ಟು ಬೆವರುತ್ತ ನಿಂತಿದ್ದ ಯುವಕನೊಬ್ಬ, ಈ ಹಣಕ್ಕೆ ಬ್ಯಾಂಕು ಬೇಡ, ಸರಕಾರ ಬೇಡ, ನಡುವೆ ಯಾವ ಮನುಷ್ಯನೂ ಬೇಡ ಎಂದು ಬೇಡಗಳ ಪಟ್ಟಿಯನ್ನೇ ಓದಿದ. ಬೇಕಾದದ್ದು ಏನೆಂದರೆ ಜನರ ಅರಿವು ಮಾತ್ರವಂತೆ. ಜನಕ್ಕೆ ತಿಳಿವಳಿಕೆ ಬಂದರೆ ನಾಳೆಯೇ ಮೀನಿನ ಮಾರ್ಕೆಟಿನಲ್ಲೂ ಇದು ನಡೆಯುತ್ತದಂತೆ. ನನಗೆ ಒಂದು ಸಂಶಯ ಬಂತು. ಮದುವೆಗೆ ಹೋದರೆ ನಾವು ಐನೂರರ ಲಕೋಟೆಗೆ ಒಂದು ರೂಪಾಯಿಯ ನಾಣ್ಯ ಅಂಟಿಸಿ ಐನೂರ ಒಂದು ಮಾಡಿ ಕೊಡುತ್ತೇವಲ್ಲ, ಮೊತ್ತ ಸೊನ್ನೆಯಲ್ಲಿ ಮುಗಿಯಬಾರದು ಎಂದು. ಆ ಒಂದನ್ನು ಇದರಲ್ಲಿ ಎಲ್ಲಿ ಅಂಟಿಸುವುದು ಎಂದು ಕೇಳಿದೆ. "ಸರ್, ಇದನ್ನು ಕೋಟಿ ಕೋಟಿ ಭಾಗ ಮಾಡಬಹುದು, ನಿಮಗೆ ಎಷ್ಟು ಸಣ್ಣದು ಬೇಕು ಹೇಳಿ," ಎಂದ ಆತ, ಬಟ್ಟೆ ಅಂಗಡಿಯವನ ಔದಾರ್ಯದಲ್ಲಿ. ಅಷ್ಟು ಸಣ್ಣದನ್ನು ಆಶೀರ್ವಾದ ಎಂದು ಕೊಟ್ಟರೆ ಮದುಮಗಳು ಭೂತಗನ್ನಡಿ ಹಿಡಿದು ಹುಡುಕಬೇಕಾದೀತು ಎಂದು ಮನಸ್ಸಿನಲ್ಲೇ ಅಂದುಕೊಂಡು ಕುಳಿತೆ. ಕೊನೆಯಲ್ಲಿ ಚಹಾ ಹೊತ್ತು ತಂದ ಹೋಟೆಲಿನವನಿಗೆ ಆ ಯುವಕ ದುಡ್ಡು ಕೊಟ್ಟದ್ದನ್ನು ಹತ್ತಿರದಿಂದ ನೋಡಿದೆ. ಪ್ಯಾಂಟಿನ ಹಿಂದಿನ ಕಿಸೆಯಿಂದ ಚರ್ಮದ ಪರ್ಸು ತೆಗೆದು, ಬೆರಳಿಗೆ ಎಂಜಲು ಹಚ್ಚಿ, ನೋಟು ಎಣಿಸಿಯೇ ಕೊಟ್ಟ.

ಹಣ ಎಂಬುದು ಮನೆಗೆ ಬರಬೇಕಾದರೆ ಅದಕ್ಕೆ ಏನಿರಬೇಕೆಂದು ಆಮೇಲೆ ನಾನೂ ಯೋಚಿಸಿದ್ದುಂಟು. ತರಲು ಹೇಳಿದಾಗ ಹನ್ನೆರಡು ರೂಪಾಯಿಯಾಗಿದ್ದ ಚಹಾ, ಕುಡಿದು ಲೋಟ ಕೆಳಗಿಡುವಾಗಲೂ ಹನ್ನೆರಡೇ ಆಗಿರಬೇಕು. ಆರಿದ ಚಹಾಕ್ಕೆ ಏರಿದ ದರ ತೆರಲು ನಮ್ಮೂರಿನಲ್ಲಿ ಯಾರೂ ಸಿದ್ಧರಿಲ್ಲ. ಹಣಕ್ಕೆ ಸ್ವಲ್ಪ ಹರಿಯುವ, ಕೊಳೆಯಾಗುವ, ನೆನೆಯುವ ಗುಣ ಇರಬೇಕು, ಏಕೆಂದರೆ ಹರಿದ ನೋಟನ್ನು ಅಂಟಿಸಿ ಮಡಚಿ ಮೀನಿನವಳಿಗೆ ದಾಟಿಸುವಾಗಿನ ಸಣ್ಣ ಕಳ್ಳತನದ ಸುಖ, ಆಕೆ ಅದನ್ನು ಕಂಡುಹಿಡಿದು ನಮ್ಮ ಮೂರು ತಲೆಮಾರನ್ನು ಕೊಂಡಾಡುವಾಗಿನ ನಾಚಿಕೆ, ಇವೆಲ್ಲ ಸೇರಿಯೇ ವ್ಯಾಪಾರ ಎಂದಾಗಿರುವುದು. ಎಲ್ಲಕ್ಕಿಂತ ಮಿಗಿಲಾಗಿ, ಏನಾದರೂ ಎಡವಟ್ಟಾದರೆ ಬೈಯಲು ಒಬ್ಬ ಮನುಷ್ಯ ಬೇಕು. ಬ್ಯಾಂಕಿನ ಮ್ಯಾನೇಜರ್ ಎಂಬ ಪ್ರಾಣಿಯನ್ನು ದೇವರು ಸೃಷ್ಟಿಸಿದ್ದೇ ಅದಕ್ಕೆ ಎಂದು ನಾನು ತಿಳಿದಿದ್ದೇನೆ. ಆತ ಕೆಲಸ ಮಾಡಿಕೊಡದಿದ್ದರೂ ಗಾಜಿನ ಆಚೆ ಕಣ್ಣಿಗೆ ಕಾಣುವಂತೆ ಕುಳಿತಿರುತ್ತಾನೆ.

ಹೀಗೆ ನಗಾಡಿಕೊಂಡೇ ಇದ್ದೆ, ಲಿಲ್ಲಿ ಬಾಯಿ ನನ್ನ ಮಾಳಿಗೆಯ ಮೆಟ್ಟಿಲು ಹತ್ತಿ ಬರುವ ತನಕ. ಬಾಯಿ ಎಂದರೆ ನಮ್ಮಲ್ಲಿ ಕೊಂಕಣಿ ಕ್ರಿಶ್ಚಿಯನ್ ಹೆಂಗಸರನ್ನು ಗೌರವದಿಂದ ಕರೆಯುವ ಮಾತು. ವರ್ಕಾಡಿಯ ದಾರಿಯಲ್ಲಿ ಆರು ಸೆಂಟ್ಸಿನ ಹಿತ್ತಿಲು, ಒಂದು ಬಾವಿ, ಹಂಚಿನ ಪುಟ್ಟ ಮನೆ. ಅದರ ಜಗಲಿಯಲ್ಲಿ ಹೊಲಿಗೆ ಮೆಷಿನಿಟ್ಟು ಹತ್ತೊಂಬತ್ತು ವರ್ಷಗಳಿಂದ ಬಾಡಿಗೆಗಿರುವ ವಿಧವೆ ಆಕೆ. ಕೊಂಕಣಿ ಮನೆಯವರ, ಚರ್ಚಿನಲ್ಲಿ ನಡೆಯುವ ಮೊದಲ ಕಮ್ಯೂನಿಯನ್ನಿನ ಬಿಳಿ ಫ್ರಾಕು, ತುಳುವರ ಮದುವೆಯ ರವಿಕೆ, ಬ್ಯಾರಿ ಮುಸ್ಲಿಮರ ಮಕ್ಕಳ ಯೂನಿಫಾರ್ಮು, ಎಲ್ಲದರ ಅಳತೆಯನ್ನೂ ಟೇಪು ತೆಗೆಯದೆ ಕಣ್ಣಳತೆಯಲ್ಲೇ ಹೇಳಬಲ್ಲವರು. ಮನೆಯ ಧಣಿ ಐತಪ್ಪಣ್ಣ ಆ ಜಾಗವನ್ನು ಮಾರುವುದೆಂದು ನಿರ್ಧರಿಸಿದಾಗ, ಹೊರಗಿನವರು ಹೆಚ್ಚು ಕೊಡುತ್ತೇವೆಂದರೂ ಮೊದಲ ಅವಕಾಶವನ್ನು ಬಾಯಿಗೇ ಕೊಟ್ಟಿದ್ದರು. ಕರಾರುಪತ್ರ ಬರೆದದ್ದು ನಾನೇ. ಮೂರು ತಿಂಗಳ ಅವಧಿ. ಅವಧಿ ಮೀರಿದರೆ ಕೊಟ್ಟ ಮುಂಗಡ ಮುಟ್ಟುಗೋಲು, ಜಾಗ ಬೇರೆಯವರಿಗೆ. ಆ ಮುಟ್ಟುಗೋಲಿನ ವಾಕ್ಯವನ್ನು ನಾನು ಬಹಳ ಚೆಲುವಾಗಿ ಬರೆದಿದ್ದೆ.

ಬಾಕಿ ಹಣ ಬರಬೇಕಾದದ್ದು ಬಾಯಿಯ ತಮ್ಮ ಫೆಲಿಕ್ಸನಿಂದ. ಗಲ್ಫಿನ ಹೋಟೆಲೊಂದರಲ್ಲಿ ಅಡುಗೆ ಮಾಡುವ ಆತ, ಅಕ್ಕನಿಗೆ ಸ್ವಂತ ಮನೆಯಾಗಬೇಕೆಂದು ಆರು ವರ್ಷ ಒಲೆಯ ಮುಂದೆ ನಿಂತು ಉಳಿಸಿದ್ದನ್ನು ನೇರವಾಗಿ ಬ್ಯಾಂಕಿಗೆ ಹಾಕಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ಅವನ ಕೋಣೆಯಲ್ಲಿ ಮಲಗುವ ಇನ್ನೊಬ್ಬ, ಬ್ಯಾಂಕು ಕಮಿಷನ್ ತಿನ್ನುತ್ತದೆ, ಕ್ರಿಪ್ಟೋ ಮರಿ ಹಾಕುತ್ತದೆ ಎಂದು ಕಿವಿ ಊದಿದ್ದ. ಫೆಲಿಕ್ಸ್ ಅಕ್ಕನಿಗೊಂದು ಹೊಸ ಫೋನು ಕಳಿಸಿ, ಅದರಲ್ಲಿ ಅಕ್ಕನ ಹೆಸರಲ್ಲೇ ಒಂದು ವ್ಯಾಲೆಟ್ಟು ಮಾಡಿಸಿ, ದುಡ್ಡನ್ನೆಲ್ಲ ಅದಕ್ಕೆ ಹಾಕುವುದೆಂದು ತೀರ್ಮಾನಿಸಿದ. ವ್ಯಾಲೆಟ್ಟು ತೆರೆಯುವಾಗ ಪರದೆಯಲ್ಲಿ ಹನ್ನೆರಡು ಇಂಗ್ಲಿಷ್ ಪದಗಳು ಬರುತ್ತವೆ. ಅವನ್ನು ಅದೇ ಕ್ರಮದಲ್ಲಿ ಕಾಗದದಲ್ಲಿ ಬರೆದಿಡಬೇಕು; ಫೋನು ಹಾಳಾದರೆ ಆ ಹನ್ನೆರಡು ಪದಗಳೇ ಬೀಗದ ಕೈ. ಯಾರಿಗೂ ತೋರಿಸಬಾರದು, ತಮ್ಮನಿಗೆ ಕೂಡ ಹೇಳಬಾರದು.

"ಯಾರಿಗೂ ತೋರಿಸ್ಬಾರ್ದಂತೆ ರೈಟರ್ರೇ, ಅದಕ್ಕೆ ನಿಮ್ಮ ಹತ್ರ ತಂದೆ," ಎಂದರು ಲಿಲ್ಲಿ ಬಾಯಿ.

ನಗಬೇಡಿ. ಈ ಊರಿನಲ್ಲಿ ಗುಟ್ಟು ಎಂದರೆ ರೈಟರಿಗೆ ಮಾತ್ರ ಗೊತ್ತಿರುವುದು ಎಂದೇ ಅರ್ಥ. ಸರಕಾರ ಮಲಯಾಳದಲ್ಲಿ ಕಳಿಸುವ ನೋಟೀಸು, ಕೋರ್ಟು ಇಂಗ್ಲಿಷಿನಲ್ಲಿ ಕಳಿಸುವ ಸಮನ್ಸು, ಗಲ್ಫಿನಿಂದ ಬರುವ ಅರಬ್ಬಿ ಮೊಹರಿನ ಕಾಗದ, ಎಲ್ಲವೂ ನನ್ನ ಮೇಜಿಗೆ ಬಂದು ಕನ್ನಡವಾಗಿಯೇ ಕೆಳಗಿಳಿಯುವುದು. ಮನೆಯಲ್ಲಿ ಒಂದು ಮಾತು, ಬಸ್ಸಿನಲ್ಲಿ ಇನ್ನೊಂದು, ಆಫೀಸಿನಲ್ಲಿ ಮತ್ತೊಂದು ಎಂದು ಬದುಕುವ ನಮಗೆ ಒಂದು ಪದ ಕಿವಿಗೆ ಬಿದ್ದರೆ ಅದು ಒಳಗೆ ಹೋಗುವ ಮೊದಲೇ ತಾನಾಗಿ ಬಟ್ಟೆ ಬದಲಿಸಿಕೊಂಡಿರುತ್ತದೆ. ಆ ದಿನವೂ ನನ್ನ ಕೈ ಅದನ್ನೇ ಮಾಡಿತು. ಇಂಗ್ಲಿಷ್ ಬಾರದ ಬಾಯಿಗೆ ಇಂಗ್ಲಿಷ್ ಪದ ಬರೆದುಕೊಟ್ಟು ಏನು ಪ್ರಯೋಜನ, ಅರ್ಥವಾಗುವಂತಿರಲಿ ಎಂದು, ಹನ್ನೆರಡನ್ನೂ ಒಂದೊಂದಾಗಿ ಅನುವಾದಿಸಿ ದುಂಡಗಿನ ಅಕ್ಷರದಲ್ಲಿ ಬರೆದೆ. ತೆಂಗಿನಕಾಯಿ. ಉಪ್ಪು. ಮಂಜು. ಶಾಂತಿ. ಅಂಕಲ್ ಎಂದು ಬಂದಲ್ಲಿ ಮಾವನೋ ಚಿಕ್ಕಪ್ಪನೋ ಎಂಬ ಪ್ರಶ್ನೆ ಎದ್ದು, "ನಿಮಗೆ ಯಾರಿದ್ದಾರೆ?" ಎಂದು ಬಾಯಿಯನ್ನೇ ವಿಚಾರಿಸಿ ಚಿಕ್ಕಪ್ಪ ಎಂದು ಖಚಿತಪಡಿಸಿದೆ. ಬರೆದದ್ದನ್ನು ಮತ್ತೆ ಅದೇ ಕ್ರಮದಲ್ಲಿ ಒತ್ತಿ ತೋರಿಸಬೇಕೆಂದು ಫೋನು ಕೇಳಿದಾಗ, ಬೆರಳು ಬಾಯಿಯದ್ದೇ ಇರಲಿ ಎಂದು ನಾನು ಪರದೆ ನೋಡಿ ಒಂದೊಂದೇ ಪದವನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿದೆ, ಅವರು ಒತ್ತಿದರು. ಕಾಗದವನ್ನು ಮಡಚಿ ಕೊಡುವಾಗ, ದತ್ತು ಎಂದು ಬರೆದ ಆ ಯಂತ್ರಕ್ಕಿಂತ ನಾನು ಎಷ್ಟೋ ಮೇಲು ಎಂಬ ಹೆಮ್ಮೆಯೂ ಮನಸ್ಸಿನಲ್ಲಿತ್ತು.

ಎರಡು ತಿಂಗಳು ಕಳೆಯಿತು. ದುಡ್ಡು ಬಂದು ವ್ಯಾಲೆಟ್ಟಿನಲ್ಲಿ ಕುಳಿತಿತ್ತು. ಕೊನೆಯ ವಾರದ ತನಕ ಅದು ಅಲ್ಲೇ ಇರಲಿ, ಏರುತ್ತಾ ಇದೆ ಎಂದು ಫೆಲಿಕ್ಸ್ ಹೇಳಿದ್ದ. ಅವಧಿಗೆ ಇನ್ನು ಎಂಟು ದಿನ ಇದೆ ಎನ್ನುವಾಗ, ನೀರು ಸೇದಲು ಬಗ್ಗಿದ ಲಿಲ್ಲಿ ಬಾಯಿಯ ಸೊಂಟದಿಂದ ಫೋನು ಜಾರಿ ಬಾವಿಗೆ ಬಿತ್ತು. ಮರುದಿನ ಪಾತಾಳಗರಡಿ ಹಾಕಿ ಎತ್ತಿದಾಗ ಫೋನು ಸಿಕ್ಕಿತು, ಜೀವ ಸಿಗಲಿಲ್ಲ. ಆದರೂ ಬಾಯಿ ಗಾಬರಿಯಾಗಲಿಲ್ಲ. ರೈಟರು ಬರೆದುಕೊಟ್ಟ ಕಾಗದ ಕಪಾಟಿನಲ್ಲಿ ಭದ್ರವಾಗಿತ್ತಲ್ಲ.

ಪೇಟೆಯಲ್ಲಿ ಮೊಬೈಲು ರಿಪೇರಿ ಮಾಡುವ ಹಮೀದ್, ಬ್ಯಾರಿ ಹುಡುಗರಲ್ಲೆಲ್ಲ ಕೈ ಓಡುವವನೆಂದು ಹೆಸರಾದವನು, ಈಗ ಎರಡು ಮಕ್ಕಳ ತಂದೆ. ಬೇರೊಂದು ಫೋನಿನಲ್ಲಿ ವ್ಯಾಲೆಟ್ಟು ತೆರೆದು, ಪದ ಹೇಳಿ ಎಂದು ಕಾಗದಕ್ಕೆ ಕೈ ನೀಡಿದ. ಓದಿದ. ತಿರುಗಿಸಿ ಹಿಂಬದಿ ನೋಡಿದ.

"ಎಂತ ರೈಟರ್ರೇ ಇದು? ಪಾಸ್‌ವರ್ಡಾ, ಅಲ್ಲ ಮದುವೆ ಊಟದ ಸಾಮಾನಿನ ಚೀಟಿಯಾ?"

"ಅದರ ಇಂಗ್ಲಿಷ್ ಹಾಕು ಮಾರಾಯ, ತೆಂಗಿನಕಾಯಿಗೆ ಇಂಗ್ಲಿಷ್ ಗೊತ್ತಿಲ್ವಾ ನಿಂಗೆ?" ಎಂದೆ ಬಿಗುಮಾನದಿಂದ.

ತೆಂಗಿನಕಾಯಿಗೆ ಗೊತ್ತಿತ್ತು. ಉಪ್ಪಿಗೂ ಚಿಕ್ಕಪ್ಪನಿಗೂ ತೊಂದರೆಯಾಗಲಿಲ್ಲ. ಎಂಟು ಪದಗಳು ಹೂ ಎತ್ತಿದಂತೆ ವಾಪಸು ಇಂಗ್ಲಿಷಿಗೆ ಹೋದವು. ಉಳಿದ ನಾಲ್ಕು ಹೋಗಲಿಲ್ಲ. ಆ ವ್ಯಾಲೆಟ್ಟು ತನ್ನದೇ ಪಟ್ಟಿಯಲ್ಲಿರುವ ಪದಗಳನ್ನು ಮಾತ್ರ ಒಪ್ಪುತ್ತದೆ, ನಿಜ. ಆದರೆ ಮಂಜು ಎಂದರೆ ಫಾಗ್ ಕೂಡ ಅದರಲ್ಲಿದೆ, ಸ್ನೋ ಕೂಡ ಇದೆ. ಅವಸರ ಎಂದು ನಾನು ಬರೆದದ್ದು ಮೂಲದಲ್ಲಿ ಏನಿತ್ತೋ, ಅದಕ್ಕೆ ಹತ್ತಿರದ್ದೆಲ್ಲ ಹಾಕಿ ನೋಡಿದೆವು. ಶಾಂತಿ ಎಂಬುದನ್ನು ಕಂಡು, ಮಲಯಾಳ ಶಾಲೆಯಲ್ಲಿ ಓದಿದ ಹಮೀದ್, "ಶಾಂತಿ ಅಂದ್ರೆ ದೇವಸ್ಥಾನದಲ್ಲಿ ಪೂಜೆ ಮಾಡುವವರಲ್ವಾ?" ಎಂದು ಆ ಪಟ್ಟಿಯಲ್ಲಿ ಅರ್ಚಕರನ್ನು ಹುಡುಕಲು ಹೊರಟ, ಕೇರಳದಲ್ಲಿ ಪೂಜೆಯವರನ್ನು ಹಾಗೆಯೇ ಕರೆಯುವುದು, ಅವನದು ತಪ್ಪಲ್ಲ. ಕೊನೆಯ, ಹನ್ನೆರಡನೆಯ ಪದ ಬಲ ಎಂದಿತ್ತು. ಬಲಕ್ಕೆ ಇಂಗ್ಲಿಷಿನಲ್ಲಿ ಏನು ಬರಗಾಲವೇ? ಪವರ್, ಫೋರ್ಸ್, ಸ್ಟ್ರಾಂಗ್, ಮಸಲ್ ಎಂದು ಹಾಕುತ್ತ ಹೋದಂತೆ ಪ್ರತಿಸಲವೂ ಪರದೆ ಕೆಂಪಾಗಿ, ಯಾವ ಪದ ತಪ್ಪೆಂದು ತಿಳಿಸದೆ, ಪದಗಳು ಸರಿಯಿಲ್ಲ ಎಂದಷ್ಟೇ ಸಭ್ಯವಾಗಿ ಹೇಳುತ್ತಿತ್ತು. ಅದನ್ನು ಬೈಯೋಣವೆಂದರೆ ಎದುರಿಗೆ ಮುಖವೇ ಇರಲಿಲ್ಲ.

ಎರಡು ದಿನ ಹೀಗೆ ಹೋಯಿತು. ಹೆದ್ದಾರಿಯ ಆಚೆ ಬದಿಯಿಂದಲೂ ಜನ ಬಂದು ನಾಲ್ಕು ನಾಲ್ಕು ಪದ ದಾನ ಮಾಡಿ ಹೋದರು. ಫೆಲಿಕ್ಸ್ ಅಡುಗೆಮನೆಯಿಂದ ಫೋನು ಮಾಡಿ, ಪಾತ್ರೆಗಳ ಸದ್ದಿನ ನಡುವೆ, "ಸಿಕ್ತಾ?" ಎಂದು ಕೇಳುತ್ತಿದ್ದವನು ಎರಡನೆಯ ದಿನ ಸಂಜೆ ಅಳುತ್ತಿದ್ದ, ಆ ಸದ್ದಿನಲ್ಲಿ ಅದು ನನಗೆ ತಡವಾಗಿ ತಿಳಿಯಿತು. ಐತಪ್ಪಣ್ಣನಲ್ಲಿಗೆ ಹೋಗಿ ಒಂದು ತಿಂಗಳು ಮುಂದೆ ಹಾಕಬಹುದೇ ಎಂದು ಕೇಳಿದೆ. ಆತ ಕೆಟ್ಟ ಮನುಷ್ಯನಲ್ಲ. "ನಂಗೂ ಆ ದುಡ್ಡು ಬೇರೆ ಕಡೆ ಕೊಡ್ಲಿಕ್ಕುಂಟು ರೈಟರ್ರೇ. ಅವಧಿ ಅಂದ್ರೆ ಅವಧಿ, ನೀವೇ ಬರೆದದ್ದಲ್ವಾ?" ಎಂದರು. ನಾನೇ ಬರೆದದ್ದು, ಹೌದು. ಜಗಲಿಯಿಂದ ಇಳಿಯುವಾಗ ಆ ಮುಟ್ಟುಗೋಲಿನ ವಾಕ್ಯ ಇಡಿಯಾಗಿ ನನ್ನ ನಾಲಿಗೆಗೆ ಬಂತು.

ಗೆಳೆಯರೇ, ಕೋಟಿನ ಯುವಕನನ್ನು ಹಾಸ್ಯ ಮಾಡಿದ್ದೆ; ಅವನ ಯಂತ್ರ ಒಂದು ಪದಕ್ಕೆ ಬೇರೊಂದು ಅರ್ಥ ಕೊಟ್ಟಾಗ ಬಜೆ ನೆತ್ತಿಗೇರುವಂತೆ ನಕ್ಕಿದ್ದೆ. ಆ ಯಂತ್ರದಿಂದ ಹಾಳಾದದ್ದು ಒಂದು ಕರಪತ್ರ. ನನ್ನ ಪಾಂಡಿತ್ಯದಿಂದ ಹಾಳಾಗಹೊರಟದ್ದು ಹತ್ತೊಂಬತ್ತು ವರ್ಷ ಒಂದೇ ಜಗಲಿಯಲ್ಲಿ ಪೆಡಲು ತುಳಿದ ಹೆಂಗಸಿನ ಮನೆ. ನಕಲು ಮಾಡು ಎಂದರೆ ನಕಲು ಮಾಡಲಾರದ, ಎಲ್ಲದಕ್ಕೂ ಅರ್ಥ ಹೇಳಲೇಬೇಕೆಂಬ ಈ ರೋಗ ನನ್ನ ವೃತ್ತಿಯ ಬಂಡವಾಳವೂ ಆಗಿತ್ತು. ಮರುದಿನ ಬೆಳಿಗ್ಗೆ, ಇನ್ನು ಐದು ದಿನ ಇದೆ ಎನ್ನುವಾಗ, ಬಾಯಿಯ ಮುಖ ನೋಡಲಾರದೆ ನಾನು ಹಮೀದನ ಅಂಗಡಿಯಲ್ಲಿ ಗೋಡೆಯ ಕಡೆ ತಿರುಗಿ ನಿಂತಿದ್ದೆ.

ಲಿಲ್ಲಿ ಬಾಯಿ ಹಿಂದಿನ ಎರಡು ದಿನದಂತೆ ಅಂದೂ ಬೆಂಚಿನ ತುದಿಯಲ್ಲಿ ಕುಳಿತು ಯಾರದೋ ರವಿಕೆಗೆ ಹುಕ್ಕು ಹಚ್ಚುತ್ತಿದ್ದರು. ನಾವಿಬ್ಬರೂ, ಬಂದು ಹೋದ ಹತ್ತು ಮಂದಿಯೂ, ಅವರನ್ನು ಒಂದು ಮಾತು ಕೇಳಿರಲಿಲ್ಲ. ಇಂಗ್ಲಿಷ್ ಬಾರದವರಲ್ಲಿ ಇಂಗ್ಲಿಷ್ ಪದ ಕೇಳುವುದುಂಟೇ?

"ನಾನೊಂದು ಹೇಳ್ಳಾ ರೈಟರ್ರೇ?" ಎಂದರು, ಸೂಜಿಯಿಂದ ಕಣ್ಣೆತ್ತದೆ. "ಅರ್ಥ ನಂಗೆ ಗೊತ್ತಿಲ್ಲ. ಕೊನೆಗೆ ನೀವು ಓದಿದ್ದು ಬಸ್ಸಿನ ಕಂಡಕ್ಟರ್ ಹೇಳುದು. ಬಾಗ್ಲಿಗೆ ಬಡಿದು ಹೇಳುದಿಲ್ವಾ, ಅದು."

ಹಮೀದ್ ಮತ್ತು ನಾನು ಒಬ್ಬರನ್ನೊಬ್ಬರು ನೋಡಿದೆವು. ರೈಟ್! ಬಲ ಎಂದರೆ ಶಕ್ತಿಯಲ್ಲ, ಎಡದ ಎದುರಿನ ಬಲ. ಜಾಗದ ಗಡಿ ಬರೆದು ಬರೆದು ಎಡಬಲಗಳಲ್ಲೇ ಕೂದಲು ಹಣ್ಣಾದ ನನಗೆ, ರೈಟರ್ ಎಂದು ಕರೆಸಿಕೊಳ್ಳುವ ನನಗೆ, ರೈಟ್ ಎಂಬ ಪದ ಹೊಳೆದಿರಲಿಲ್ಲ.

"ಬೇರೆ? ಬೇರೆ ನೆನಪುಂಟಾ ಬಾಯಿ?" ಹಮೀದ್ ಸ್ಟೂಲು ಬಿಟ್ಟು ಎದ್ದುಬಿಟ್ಟಿದ್ದ.

"ನೀವು ಕೇಳ್ಳಿಲ್ಲ, ನಾನು ಹೇಳ್ಳಿಲ್ಲ," ಎಂದರು ಬಾಯಿ, ಮುನಿಸಿಲ್ಲದೆ. "ಒಂದು ಪೀಸು ಅಂತ ಉಂಟು. ಬ್ಲೌಸ್ ಪೀಸಿನ ಪೀಸು. ಮತ್ತೆ ಒಂದು ಹರಿ. ಬಟ್ಟೆ ಹರಿ ಅಂತ ಹೇಳುದಿಲ್ವಾ, ಅದೇ. ಒತ್ತುವಾಗಲೇ ನಾನು ಗ್ರಹಿಸಿದೆ, ಇದೆಂತ, ಇವರು ಪೀಸು ಕೊಟ್ಟು ಹರಿಲಿಕ್ಕೆ ಹೇಳುದಾ ಅಂತ."

ನಾನು ಶಾಂತಿ ಎಂದು ಬರೆದಲ್ಲಿ ಅವರು ಪೀಸು ಕೇಳಿದ್ದರು. ನಾನು ಅವಸರ ಎಂದು ಬರೆದಲ್ಲಿ ಅವರಿಗೆ ಹರಿ ಎಂದು ಕೇಳಿಸಿತ್ತು, ಇಂಗ್ಲಿಷಿನ ಹರ್ರಿ. ಅರ್ಥದ ಹಂಗಿಲ್ಲದೆ ಸದ್ದನ್ನು ಸದ್ದಾಗಿಯೇ, ತನ್ನ ಕಸುಬಿನ ದಾರಕ್ಕೆ ಪೋಣಿಸಿ ಇಟ್ಟುಕೊಂಡಿದ್ದ ಆ ತಲೆಯ ಮುಂದೆ ನನ್ನ ದುಂಡಕ್ಷರದ ಕಾಗದ ಮೂರು ಕಾಸಿನದಾಗಿತ್ತು. ಹಮೀದ್ ಮೊದಲು ತುಂಡು ಎಂಬ ಅರ್ಥದ ಪೀಸನ್ನು ಹಾಕಿದ, ಕೆಂಪಾಯಿತು. ಶಾಂತಿಯ ಪೀಸನ್ನು ಹಾಕಿ, ಮಂಜಿಗೆ ಸ್ನೋ ಕೊಟ್ಟ, ಮತ್ತೆ ಕೆಂಪು. ಸ್ನೋ ತೆಗೆದು ಫಾಗ್ ಎಂದು ಬರೆದು ಒತ್ತಿದಾಗ ಪರದೆ ಒಂದು ಗಳಿಗೆ ಸುತ್ತು ಸುತ್ತಿ, ಹಸಿರಾಗಿ ತೆರೆದುಕೊಂಡಿತು. ಹಮೀದ್ ಕೌಂಟರಿಗೆ ಎರಡು ಸಲ ಬಡಿದು, "ರೈಟ್, ಪೋಯಿ!" ಎಂದು ಬಸ್ಸು ಹೊರಡಿಸುವ ಕಂಡಕ್ಟರನಂತೆ ಕಿರುಚಿದ. ನಾನು ಅತ್ತುಬಿಟ್ಟೆ ಎಂಬುದನ್ನು ಮುಚ್ಚಿಡಲು ಹೋಗುವುದಿಲ್ಲ.

ಸಂತೋಷದ ಸುದ್ದಿ ತಿಳಿದ ಫೆಲಿಕ್ಸ್ ಏನು ಹೇಳಿರಬೇಕು, ಊಹಿಸಿ. ದೇವರಿಗೊಂದು ಮೇಣದಬತ್ತಿ ಹಚ್ಚು ಎಂದಲ್ಲ. "ಇವತ್ತು ತೆಗೀಬೇಡಿ, ಇನ್ನೆರಡು ದಿನ ಬಿಡಿ, ಭಾರೀ ಏರ್ತಾ ಉಂಟು!" ಎಂದ ಹಮೀದನಿಗೆ. ನಿನ್ನೆ ಸಂಜೆ ಅತ್ತ ಕಣ್ಣು ಇನ್ನೂ ಒಣಗಿರಲಿಕ್ಕಿಲ್ಲ. ಈ ಹಣಕ್ಕೆ ಜನ ಬೀಳುವುದು ಅದನ್ನು ಖರ್ಚು ಮಾಡಲಿಕ್ಕಲ್ಲ, ಅದು ಏರುವುದನ್ನು ಬಾಯಿಬಿಟ್ಟು ನೋಡಲಿಕ್ಕೆ. ಏರುವ ತನಕ ಕೊಡಲು ಮನಸ್ಸಿಲ್ಲ, ಇಳಿದರೆ ಕೊಡಲು ಏನೂ ಇಲ್ಲ. ಕೊಡುವ ಮನಸ್ಸೇ ಬಾರದ ವಸ್ತುವಿಗೆ ಹಣ ಎಂದು ಹೆಸರಿಟ್ಟವರ ಧೈರ್ಯವನ್ನು ಮೆಚ್ಚಬೇಕು. ಲಿಲ್ಲಿ ಬಾಯಿ ಫೋನನ್ನು ಹಮೀದನ ಕೈಯಿಂದ ತೆಗೆದುಕೊಂಡು ತಮ್ಮನಿಗೆ ಹೇಳಿದ್ದು ಕೊಂಕಣಿಯಲ್ಲಾದ್ದರಿಂದ ನನಗೆ ಪೂರ್ತಿ ತಿಳಿಯಲಿಲ್ಲ. ಫೋನಿಟ್ಟ ಮೇಲೆ ನಮಗೆ ಕನ್ನಡದಲ್ಲಿ ಹೇಳಿದರು, "ನಂಗೆ ಏರುದು ಬೇಡ. ಮನೆ ಇರುದು ನೆಲದಲ್ಲಿ."

ಅಂದೇ ಅದೆಲ್ಲವನ್ನೂ ಮಾರಿ ರೂಪಾಯಿ ಮಾಡುವ ಕೆಲಸಕ್ಕೆ ಹಮೀದ್ ಕೈ ಹಾಕಿದ. ತೆರಿಗೆ, ಕಮಿಷನ್, ಇನ್ನೊಂದು ಕಮಿಷನ್, ಆ ಕಮಿಷನ್ನಿನ ಮೇಲಿನ ತೆರಿಗೆ ಎಂದು ನಡುವೆ ಯಾವ ಮನುಷ್ಯನೂ ಬೇಡದ ಹಣದ ನಡುವಿನಿಂದ ಹಲವು ಕೈಗಳು ಹೊರಬಂದವು. ಅದು ಬಾಯಿಯ ಬ್ಯಾಂಕಿಗೆ ಬಂದು ಬೀಳಲು ಮೂರು ದಿನ ಬೇಕಾಯಿತು. ಬ್ಯಾಂಕಿನ ಮ್ಯಾನೇಜರು, ಇಷ್ಟು ದೊಡ್ಡ ಮೊತ್ತ ಎಲ್ಲಿಂದ ಬಂತೆಂದು ಬಾಯಿಯನ್ನು ಕೂರಿಸಿ ಕೇಳಿದರಂತೆ; ಬಾಯಿ ಆ ಎರಡು ದಿನದ ಸಿಟ್ಟನ್ನೆಲ್ಲ ಅವರ ಮೇಲೆ ತೀರಿಸಿಕೊಂಡು ಹಗುರಾಗಿ ಬಂದರು. ಸ್ವಲ್ಪ ಕಡಿಮೆ ಬಿದ್ದದ್ದನ್ನು ಚೀಟಿ ಎತ್ತಿ ತುಂಬಿಸಿದರು.

ಈಗ ನೀವು ಕೇಳಬಹುದು, ಹಾಗಾದರೆ ಈ ನಾಣ್ಯ ಮನೆಮನೆಗೆ ದತ್ತು ಹೋಗಲು ಏನು ಬೇಕು ರೈಟರ್ರೇ, ಕರಪತ್ರದ ಪ್ರಶ್ನೆಗೆ ಉತ್ತರವೇನು ಎಂದು. ಕೋಟಿನ ಯುವಕ ಜನಕ್ಕೆ ಅರಿವಿಲ್ಲ ಎಂದ. ನಾನು ಜನಕ್ಕೆ ಇಂಗ್ಲಿಷಿಲ್ಲ ಎಂದುಕೊಂಡೆ. ಇಬ್ಬರೂ ಬೆಂಚಿನ ತುದಿಯಲ್ಲಿ ಕುಳಿತವರನ್ನು ಬಿಟ್ಟು ಉಳಿದವರೆಲ್ಲರೊಡನೆ ಮಾತಾಡಿದೆವು. ಬಾವಿಗೆ ಬಗ್ಗುವವರ ಸೊಂಟದಲ್ಲಿ ಫೋನು ನಿಲ್ಲುವುದಿಲ್ಲ, ಗುಟ್ಟನ್ನು ಬರೆಯಲು ಊರಿನಲ್ಲಿ ಒಬ್ಬ ರೈಟರ್ ಇರುತ್ತಾನೆ, ಆ ರೈಟರನಿಗೆ ಜಂಬ ಇರುತ್ತದೆ, ಮನೆ ಬೇಕಾದ ಅಕ್ಕನಿಗೆ ಏರುವುದೇ ಬೇಕಾದ ತಮ್ಮನ ಆಸೆ ಅಂಟಿರುತ್ತದೆ. ಇಷ್ಟನ್ನೂ ತಿಳಿದು ತಪ್ಪಿಗೆ ಜಾಗ ಇಟ್ಟುಕೊಂಡು ಯಾರಾದರೂ ಒಂದು ಹಣ ಮಾಡಿದರೆ ಅದನ್ನು ಲಿಲ್ಲಿ ಬಾಯಿಯೂ ಮಡಿಲಿಗೆ ಹಾಕಿಕೊಂಡಾರು. ಆ ದಿನ ಬರುವಾಗ ನನ್ನನ್ನು ಮಾತ್ರ ಅನುವಾದಕ್ಕೆ ಕರೆಯದಿರಲಿ.

ಅವಧಿಯ ಕೊನೆಯ ದಿನ ರಿಜಿಸ್ಟ್ರಾರ್ ಆಫೀಸಿನ ಜಗಲಿಯಲ್ಲಿ ಐತಪ್ಪಣ್ಣ, ಲಿಲ್ಲಿ ಬಾಯಿ, ಸಾಕ್ಷಿಗೆ ಹಮೀದ್, ಮೂವರೂ ಸೇರಿದ್ದರು. ನಮ್ಮಲ್ಲಿ ಜಾಗದ ದಸ್ತಾವೇಜಿಗೆ ಆಧಾರ ಎನ್ನುತ್ತಾರೆ. ಹದಿನಾಲ್ಕು ಪುಟದ ಆಧಾರವನ್ನು ಮಲಯಾಳದಲ್ಲಿ ಬರೆದು ತಂದಿದ್ದೆ. ಮಲಯಾಳ ಕೇಳಿದರೆ ತಿಳಿದರೂ ಓದಲು ಬಾರದ ನಮ್ಮವರಿಗೆ, ಸಹಿಗೆ ಮುಂಚೆ ಪತ್ರವನ್ನು ಕೈಯಲ್ಲಿ ಹಿಡಿದು ಎರಡು ಮಾತಿನಲ್ಲಿ ಅದರ ಸಾರ ಹೇಳುವುದು ನನ್ನ ರೂಢಿ. ಕಕ್ಷಿದಾರರು ತಲೆದೂಗಿ ಸಹಿ ಹಾಕುವುದೂ ರೂಢಿಯೇ. ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಅದಕ್ಕೆ ಯಾರೂ ತಕರಾರು ತೆಗೆದದ್ದಿಲ್ಲ. ಗಂಟಲು ಸರಿಮಾಡಿಕೊಂಡು, "ಎಂತಂದ್ರೆ ಬಾಯಿ, ಇದರ ಅರ್ಥ ಇಷ್ಟೇ," ಎಂದು ಶುರು ಮಾಡಿದೆ.

ಲಿಲ್ಲಿ ಬಾಯಿ ಪೆನ್ನನ್ನು ಮೇಜಿನ ಮೇಲಿಟ್ಟರು.

"ಅರ್ಥ ನೀವು ಹೇಳ್ಬೇಡಿ ರೈಟರ್ರೇ. ಅಲ್ಲಿ ಎಂತ ಬರೆದುಂಟೋ ಅದನ್ನೇ ಓದಿ. ಅರ್ಥ ನಾನು ಮಾಡಿಕೊಳ್ತೇನೆ."

ಐತಪ್ಪಣ್ಣ ಗಡಿಯಾರ ನೋಡಿದರು. ಹಮೀದ್ ಆಚೆ ತಿರುಗಿ ನಕ್ಕ. ನಾನು ಕನ್ನಡಕ ಏರಿಸಿ, ಮೊದಲ ಪುಟದ ಮೊದಲ ಅಕ್ಷರದಿಂದ ಓದತೊಡಗಿದೆ.